ತುಮಕೂರಿನಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗುವುದು ಹೇಗೆ

ತುಮಕೂರು ಸೈಕಲ್ಲಿಗೆ ದೊಡ್ಡದಾದ ಊರಲ್ಲ. ಕ್ಯಾತ್ಸಂದ್ರದಿಂದ ಟೌನ್‌ಹಾಲ್ ವೃತ್ತಕ್ಕೆ ಸುಮಾರು ಐದಾರು ಕಿಲೋಮೀಟರ್ ಇದೆ. ಗಂಟೆಗೆ 12ರಿಂದ 15 ಕಿ.ಮೀ. ವೇಗದಲ್ಲಿ, ಅಂದರೆ ಪಕ್ಕದವರೊಡನೆ ಮಾತನಾಡುತ್ತ ಸಾಗಬಹುದಾದ ವೇಗದಲ್ಲಿ ತುಳಿದರೂ ಅರ್ಧ ಗಂಟೆಯೊಳಗೆ ತಲುಪಬಹುದು. ನೆಲವೂ ಬಹುಮಟ್ಟಿಗೆ ಸಮತಟ್ಟಾಗಿದೆ. ಉಸಿರು ಕಟ್ಟುವಂಥ ಏರು ಬೇಕಾದವರು ದೇವರಾಯನದುರ್ಗದ ದಾರಿ ಹಿಡಿಯಬೇಕಷ್ಟೆ. ಹೀಗಿದ್ದೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ಯೋಚನೆಯನ್ನು ಅನೇಕರು ಕೈಬಿಡುವುದು ದೂರದ ಕಾರಣಕ್ಕಲ್ಲ, ಕಾರುಗಳ ಭಯಕ್ಕೆ. ಆ ಭಯ ಸುಳ್ಳಲ್ಲ. ಆದರೆ ಹನ್ನೊಂದು ವರ್ಷಗಳಿಂದ ಕ್ಯಾತ್ಸಂದ್ರದ ಕಡೆಯಿಂದ ಅಶೋಕ ರಸ್ತೆಯ ಕಡೆಗೆ ಹೆಚ್ಚುಕಡಿಮೆ ದಿನವೂ ಸೈಕಲ್ ತುಳಿಯುತ್ತಿರುವ ನನಗೆ, ಆ ಭಯಕ್ಕೆ ನಾವು ಸಾಮಾನ್ಯವಾಗಿ ಮಾಡಿಕೊಳ್ಳುವ ಪರಿಹಾರವೇ ತಪ್ಪು ಎಂಬುದು ಚೆನ್ನಾಗಿ ಮನವರಿಕೆಯಾಗಿದೆ. ಹೆದರಿದವರು ರಸ್ತೆಯ ತೀರಾ ಅಂಚಿಗೆ ಸರಿಯುತ್ತಾರೆ. ಸೈಕಲ್ ಸವಾರನಿಗೆ ಹೆಚ್ಚಿನ ಅಪಾಯಗಳು ಕಾದಿರುವುದು ಅಲ್ಲಿಯೇ.

ದಾರಿಯನ್ನು ಮೊದಲು ಹುಡುಕಿಕೊಳ್ಳಿ

ಸ್ಕೂಟರಿನಲ್ಲಿ ಹೋಗುತ್ತಿದ್ದ ದಾರಿಯಲ್ಲೇ ಸೈಕಲ್ಲಿನಲ್ಲೂ ಹೋಗಬೇಕೆಂದಿಲ್ಲ. ಸ್ಕೂಟರಿನವರಿಗೆ ನೇರವಾದ, ಅಗಲವಾದ ರಸ್ತೆ ಬೇಕು; ಸೈಕಲ್ಲಿನವರಿಗೆ ವಾಹನಗಳು ನಿಧಾನವಾಗಿ ಚಲಿಸುವ ರಸ್ತೆ ಬೇಕು. ಬಿ.ಎಚ್. ರಸ್ತೆ ಹೆಸರೇ ಹೇಳುವಂತೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ದಾರಿ. ಊರಿನ ಮುಖ್ಯ ಬೀದಿಯಾದ ಮೇಲೂ ಅದರ ಮೇಲಿನ ವಾಹನಗಳು ಹೆದ್ದಾರಿಯ ಗುಂಗನ್ನು ಬಿಟ್ಟಿಲ್ಲ. ಆದ್ದರಿಂದ ಬಟವಾಡಿಯಿಂದ ಒಳಕ್ಕೆ ಬರುವವರು ಎಸ್.ಎಸ್. ಪುರಂ, ಅಶೋಕನಗರಗಳ ಒಳರಸ್ತೆಗಳನ್ನು ಎಷ್ಟು ಬಳಸಿಕೊಳ್ಳಲು ಸಾಧ್ಯವೋ ಅಷ್ಟೂ ಬಳಸಿಕೊಳ್ಳಬೇಕು. ಹತ್ತು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ ಎಂಬ ಲೆಕ್ಕದಲ್ಲಿ ಹೊರಟರೆ, ಬಹುತೇಕ ಬಾರಿ ಹೆಚ್ಚಾಗುವುದು ಮೂರು ನಾಲ್ಕು ನಿಮಿಷ ಮಾತ್ರ.

ಇದನ್ನು ಒಂದು ಭಾನುವಾರ ಬೆಳಿಗ್ಗೆ, ಕೆಲಸದ ಒತ್ತಡವಿಲ್ಲದೆ, ತುಳಿದು ನೋಡಿ. ಮೊಬೈಲಿನ ನಕ್ಷೆ ಕಾರಿನವರಿಗಾಗಿ ಮಾಡಿದ್ದು. ಅದು ತೋರಿಸದ ಕಿರುದಾರಿಗಳು, ಎರಡು ಬಡಾವಣೆಗಳ ನಡುವಿನ ಓಣಿಗಳು ಸೈಕಲ್ಲಿಗೆ ದಕ್ಕುತ್ತವೆ. ಎಲ್ಲಿ ಡ್ರೈನೇಜ್ ಮುಚ್ಚಳ ರಸ್ತೆಗಿಂತ ತಗ್ಗಿದೆ, ಎಲ್ಲಿ ಲೆಕ್ಕವಿಲ್ಲದಷ್ಟು ಹಂಪ್‌ಗಳಿವೆ, ಯಾವ ಬೀದಿಯ ನಾಯಿಗಳು ಸೈಕಲ್ ಕಂಡರೆ ಅಟ್ಟಿಸಿಕೊಂಡು ಬರುತ್ತವೆ ಎಂಬುದನ್ನೆಲ್ಲ ಅದೇ ದಿನ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ನಾಯಿ ಬೆನ್ನಟ್ಟಿದರೆ ಜೋರಾಗಿ ತುಳಿಯಬಾರದು. ಸೈಕಲ್ ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಾಯಿಗೂ ನಮಗೂ ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರೆ ಬಹುತೇಕ ನಾಯಿಗಳು ಆಸಕ್ತಿ ಕಳೆದುಕೊಳ್ಳುತ್ತವೆ.

ಆದರೆ ಭಾನುವಾರದ ರಸ್ತೆ ಸೋಮವಾರದ ರಸ್ತೆಯಲ್ಲ ಎಂಬುದನ್ನೂ ನೆನಪಿಡಬೇಕು. ಮಂಡಿಪೇಟೆಯಲ್ಲಿ ಲಾರಿಗಳು ಸರಕು ಇಳಿಸಲು ನಿಂತ ಹೊತ್ತಿನಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳಿಕೊಂಡು ಹೋಗುವುದೇ ಬೇಗ. ಅಂತರಸನಹಳ್ಳಿಯ ಕಡೆ ಮಾರುಕಟ್ಟೆಗೂ ಕೈಗಾರಿಕಾ ಪ್ರದೇಶಕ್ಕೂ ಹೋಗುವ ದೊಡ್ಡ ಲಾರಿಗಳ ಸಂಚಾರ ಹೆಚ್ಚು. ಊರಿನ ಹೊರಗೆ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯ ಮುಖ್ಯ ರಸ್ತೆಗೆ ಏನೇ ಅವಸರವಿದ್ದರೂ ಇಳಿಯಬೇಡಿ. ವಸಂತನರಸಾಪುರದ ಕಡೆ ಕೆಲಸಕ್ಕೆ ಹೋಗುವವರು ಸರ್ವಿಸ್ ರಸ್ತೆ ಇರುವಷ್ಟು ದೂರ ಅದನ್ನೇ ಹಿಡಿಯಬೇಕು, ಇಲ್ಲದಿದ್ದರೆ ಆ ದೂರಕ್ಕೆ ಬಸ್ಸೇ ಸರಿ ಎಂಬುದು ನನ್ನ ಅಭಿಪ್ರಾಯ.

ರಸ್ತೆಯಲ್ಲಿ ನಿಮ್ಮ ಜಾಗ

ಈಗ ಅಂಚಿನ ವಿಷಯಕ್ಕೆ ಬರೋಣ. ರಸ್ತೆಯ ಎಡತುದಿಯ ಒಂದು ಅಡಿಯಲ್ಲಿ ಮರಳು, ಗಾಜಿನ ಚೂರು, ಚರಂಡಿಯ ಜಾಲರಿ, ಡಾಂಬರು ಕಿತ್ತುಹೋದ ಮೆಟ್ಟಿಲು ಎಲ್ಲವೂ ಸೇರಿರುತ್ತವೆ. ಅಲ್ಲಿ ಸಾಗುವವರು ಪ್ರತಿ ಹತ್ತಿಪ್ಪತ್ತು ಮಾರಿಗೊಮ್ಮೆ ಏನನ್ನಾದರೂ ತಪ್ಪಿಸಲು ಬಲಕ್ಕೆ ವಾಲಲೇಬೇಕಾಗುತ್ತದೆ, ಮತ್ತು ಹಾಗೆ ದಿಢೀರನೆ ವಾಲಿದ ಕ್ಷಣದಲ್ಲೇ ಹಿಂದಿನಿಂದ ಬರುವ ವಾಹನ ತಾಗುತ್ತದೆ. ಇಷ್ಟು ಸಾಲದೆಂಬಂತೆ, ಅಂಚಿನಲ್ಲಿರುವ ಸೈಕಲ್ಲನ್ನು ಕಂಡ ಕಾರಿನ ಚಾಲಕನಿಗೆ ತಾನು ಪಥ ಬದಲಿಸದೆಯೇ ಪಕ್ಕದಲ್ಲಿ ತೂರಿಹೋಗಬಹುದು ಎನ್ನಿಸುತ್ತದೆ. ಅಂಚಿನಿಂದ ಸುಮಾರು ಮೂರು ಅಡಿ ಒಳಗೆ, ಅಲುಗಾಡದೆ ನೇರ ಗೆರೆಯಲ್ಲಿ ಸಾಗುವ ಸವಾರನನ್ನು ಕಂಡಾಗ ಅದೇ ಚಾಲಕ ವೇಗ ತಗ್ಗಿಸಿ, ಬಲಕ್ಕೆ ಸರಿದು ದಾಟುತ್ತಾನೆ. ಮೊದಲ ಕೆಲವು ದಿನ ಹಿಂದಿನಿಂದ ಹಾರ್ನ್ ಕೇಳಿಸುತ್ತದೆ. ಹಾರ್ನ್ ಹೊಡೆದವನು ನಮ್ಮನ್ನು ನೋಡಿದ್ದಾನೆ ಎಂದೇ ಅರ್ಥ. ರಸ್ತೆ ಅಗಲವಾಗಿ ಮೇಲ್ಮೈ ಚೆನ್ನಾಗಿರುವ ಕಡೆ ಸ್ವಲ್ಪ ಎಡಕ್ಕೆ ಸರಿದು ದಾರಿ ಬಿಟ್ಟುಕೊಡಿ; ಇಕ್ಕಟ್ಟಾದ ಕಡೆ, ಮುಖ್ಯವಾಗಿ ಸೇತುವೆಯ ಮೇಲೆ ಮತ್ತು ಡಿವೈಡರ್ ಇರುವ ಕಿರಿದಾದ ರಸ್ತೆಯಲ್ಲಿ, ಜಾಗ ಬಿಟ್ಟುಕೊಡಬೇಡಿ.

ನಿಂತ ಕಾರುಗಳ ಪಕ್ಕದಲ್ಲಿ ಸಾಗುವಾಗ ಈ ಮೂರು ಅಡಿಯ ಲೆಕ್ಕ ಇನ್ನೂ ಮುಖ್ಯವಾಗುತ್ತದೆ. ಎರಡನೆಯ ವರ್ಷದಲ್ಲಿ ನಾನು ಇದನ್ನು ಬಿದ್ದು ಕಲಿತೆ. ಸಂಜೆ ಆರರ ಸುಮಾರಿಗೆ ಅಂಗಡಿಗಳ ಮುಂದೆ ಸಾಲಾಗಿ ನಿಂತಿದ್ದ ಕಾರುಗಳನ್ನು ಸವರಿಕೊಂಡಂತೆ ಹೋಗುತ್ತಿದ್ದಾಗ, ಬಿಳಿ ಕಾರೊಂದರ ಬಾಗಿಲು ತೆರೆಯಿತು. ಬಾಗಿಲ ಅಂಚು ನನ್ನ ಎಡಗೈಯ ಬ್ರೇಕ್ ಲಿವರಿಗೆ ತಗುಲಿ ಹ್ಯಾಂಡಲ್ ಎಡಕ್ಕೆ ತಿರುಗಿತು. ಸೈಕಲ್ ಅಲ್ಲೇ ನಿಂತಿತು, ನಾನು ರಸ್ತೆಯ ಮಧ್ಯದ ಕಡೆಗೆ ಬಿದ್ದೆ. ಹಿಂದೆ ಬರುತ್ತಿದ್ದ ಆಟೋದವರು ಬ್ರೇಕ್ ಹಾಕಿದ ಸದ್ದು, ಕಿವಿಯ ಪಕ್ಕದಲ್ಲೇ ಬಂದು ನಿಂತ ಅದರ ಮುಂದಿನ ಚಕ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಅಣ್ಣಾ, ಇನ್ನೊಂದು ಗೇಣು ಬಂದಿದ್ರೆ ಏನ್ ಗತಿ" ಎಂದು ಆತ ನನ್ನನ್ನು ಎಬ್ಬಿಸಿ ಕೂರಿಸಿದರು. ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅಂದಿನಿಂದ ನಿಂತ ಕಾರಿಗೂ ನನಗೂ ನಡುವೆ ಪೂರ್ತಿ ತೆರೆದ ಬಾಗಿಲಿನಷ್ಟು ಅಂತರ, ಅಂದರೆ ಕನಿಷ್ಠ ಒಂದು ಮೀಟರ್, ಇಟ್ಟುಕೊಳ್ಳುತ್ತೇನೆ. ನಿಂತ ಕಾರಿನೊಳಗೆ ತಲೆ ಕಾಣಿಸಿದರೆ, ಬ್ರೇಕ್ ದೀಪ ಈಗಷ್ಟೇ ಆರಿದ್ದರೆ, ಮುಂದಿನ ಚಕ್ರ ಬಲಕ್ಕೆ ತಿರುಗಿದ್ದರೆ ಬೆಲ್ಲಿನ ಮೇಲೆ ಬೆರಳಿರಬೇಕು.

ಎರಡನೆಯ ದೊಡ್ಡ ಅಪಾಯ ಎಡತಿರುವುಗಳಲ್ಲಿದೆ. ಕಾರೊಂದು ನಿಮ್ಮನ್ನು ಹಿಂದಿಕ್ಕಿ, ಕೂಡಲೇ ನಿಮ್ಮ ಮುಂದೆಯೇ ಎಡಕ್ಕೆ ತಿರುಗಿ ಬಡಾವಣೆಯ ರಸ್ತೆಗೆ ಇಳಿಯುತ್ತದೆ. ಸೈಕಲ್ಲಿನ ವೇಗವನ್ನು ಚಾಲಕರು ಯಾವಾಗಲೂ ಕಡಿಮೆಯೆಂದೇ ಅಂದಾಜು ಮಾಡುವುದು ಇದಕ್ಕೆ ಕಾರಣ. ಅಡ್ಡರಸ್ತೆ ಹತ್ತಿರವಾದಾಗ ಅಂಚನ್ನು ಬಿಟ್ಟು ಇನ್ನಷ್ಟು ಒಳಕ್ಕೆ ಬಂದರೆ, ಎಡಕ್ಕೆ ತಿರುಗಬೇಕಾದ ಕಾರು ನಿಮ್ಮ ಹಿಂದೆಯೇ ನಿಲ್ಲುತ್ತದೆ. ಬಸ್ಸು ಮತ್ತು ಲಾರಿಗಳ ವಿಷಯದಲ್ಲಿ ನಿಯಮ ಇನ್ನೂ ಕಠಿಣವಾದದ್ದು: ಅವುಗಳ ಎಡಬದಿಯಲ್ಲಿ ಎಂದೂ ತೂರಬಾರದು. ಎತ್ತರದ ಕ್ಯಾಬಿನ್ನಿನಲ್ಲಿ ಬಲಗಡೆ ಕುಳಿತ ಚಾಲಕನಿಗೆ ಎಡ ಮುಂಭಾಗದ ಮೂಲೆಯಲ್ಲಿರುವ ಸೈಕಲ್ ಕಾಣುವುದಿಲ್ಲ. ದೊಡ್ಡ ವಾಹನ ತಿರುಗುವಾಗ ಅದರ ಹಿಂಚಕ್ರ ಮುಂಚಕ್ರದ ಜಾಡಿನಲ್ಲಿ ಬರದೆ ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಆತನಿಗೆ ಕಾಣುತ್ತಿಲ್ಲ. ಸಿಗ್ನಲ್ಲಿನಲ್ಲಿ ಲಾರಿಯ ಹಿಂದೆ ನಿಂತು ಕಾಯುವುದರಿಂದ ಕಳೆದುಹೋಗುವುದು ಅರ್ಧ ನಿಮಿಷ.

ಬಸ್ ಸ್ಟಾಪಿನಲ್ಲಿ ನಿಂತ ಬಸ್ಸನ್ನು ದಾಟಬೇಕಾದರೆ ಬಲಗಡೆಯಿಂದ, ಹಿಂದೆ ತಿರುಗಿ ನೋಡಿ, ಕೈತೋರಿಸಿ ದಾಟಬೇಕು. ಹಿಂದಕ್ಕೆ ತಿರುಗಿ ನೋಡುವುದು ಒಂದು ವಿದ್ಯೆ. ಹೊಸಬರು ಕತ್ತು ತಿರುಗಿಸಿದ ಕೂಡಲೇ ಸೈಕಲ್ಲೂ ಅತ್ತಲೇ ವಾಲುತ್ತದೆ. ಅಮಾನಿಕೆರೆಯ ಕಡೆ ಮುಂಜಾನೆ ಖಾಲಿಯಿರುವ ರಸ್ತೆಯಲ್ಲಿ ಬಿಳಿ ಗೆರೆಯ ಮೇಲೆ ಸಾಗುತ್ತ, ಗೆರೆ ಬಿಡದೆ ಬಲಭುಜದ ಮೇಲಿಂದ ಹಿಂದೆ ನೋಡುವುದನ್ನು ಹತ್ತು ಹನ್ನೆರಡು ಬಾರಿ ಅಭ್ಯಾಸ ಮಾಡಿ. ಈ ಒಂದು ಅಭ್ಯಾಸ ದುಬಾರಿ ಹೆಲ್ಮೆಟ್ಟಿಗಿಂತ ಹೆಚ್ಚು ಕಾಪಾಡುತ್ತದೆ ಎಂದು ನಾನು ನಂಬಿದ್ದೇನೆ. ಹಾಗೆಂದು ಹೆಲ್ಮೆಟ್ ಬೇಡವೆಂದಲ್ಲ.

ಟೌನ್‌ಹಾಲ್ ವೃತ್ತದಂಥ ಕಡೆ ಬಲಕ್ಕೆ ತಿರುಗಬೇಕಾದರೆ ವಾಹನಗಳ ನಡುವೆ ರಸ್ತೆಯ ಮಧ್ಯಕ್ಕೆ ಸೇರಿಕೊಳ್ಳುವ ಸಾಹಸ ಬೇಡ. ನೇರವಾಗಿ ಎದುರಿನ ಮೂಲೆಗೆ ಹೋಗಿ, ಅಲ್ಲಿ ಎಡಬದಿಯಲ್ಲಿ ನಿಂತು, ಸೈಕಲ್ಲಿನ ಮುಖ ತಿರುಗಿಸಿ, ಆ ಕಡೆಯ ಸಿಗ್ನಲ್ ಬಿಟ್ಟಾಗ ನೇರ ಸಾಗಿದರೆ ಬಲತಿರುವು ಎರಡು ಕಂತಿನಲ್ಲಿ ಮುಗಿಯುತ್ತದೆ. ತೀರಾ ದಟ್ಟಣೆಯಿದ್ದರೆ ಇಳಿದು, ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಊರಿನಲ್ಲಿ ಡಿವೈಡರ್ ತೆರೆದಿರುವ ಜಾಗ ದೂರವಿದೆಯೆಂದು ಎದುರು ದಿಕ್ಕಿನಲ್ಲಿ ಬರುವುದು ಸಾಮಾನ್ಯವಾಗಿಬಿಟ್ಟಿದೆ, ಸೈಕಲ್ಲಿನವರಂತೂ ಅದನ್ನು ತಪ್ಪೆಂದೇ ಭಾವಿಸುವುದಿಲ್ಲ. ಆದರೆ ಅಡ್ಡರಸ್ತೆಯಿಂದ ಎಡಕ್ಕೆ ತಿರುಗಿ ಮುಖ್ಯರಸ್ತೆಗೆ ಬರುವ ಚಾಲಕ ನೋಡುವುದು ಬಲಗಡೆಗೆ ಮಾತ್ರ. ನೀವು ಬರುತ್ತಿರುವುದು ಎಡಗಡೆಯಿಂದ. ಇಬ್ಬರ ವೇಗವೂ ಕೂಡಿಕೊಳ್ಳುವುದರಿಂದ ತಪ್ಪಿಸಿಕೊಳ್ಳಲು ಸಮಯವೂ ಇರುವುದಿಲ್ಲ. ಡಿವೈಡರ್ ಅಡ್ಡವಾದರೆ ಇಳಿದು ಫುಟ್‌ಪಾತಿನ ಮೇಲೆ ತಳ್ಳಿಕೊಂಡು ಹೋಗಿ. ಇಳಿದ ಮೇಲೆ ನೀವು ಪಾದಚಾರಿ, ಯಾರೂ ಬೇಡವೆನ್ನಲಾರರು.

ಸೈಕಲ್ಲು

ಹೊಸದನ್ನು ಕೊಳ್ಳುವ ಮುನ್ನ ಮನೆಯ ಮೂಲೆಯಲ್ಲಿ ನಿಂತಿರುವುದನ್ನು ನೋಡಿ. ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಂಥ ಒಂದು ಸೈಕಲ್ ಉಳಿದುಕೊಂಡಿದೆ. ಓವರಾಯಿಲ್ ಮಾಡಿಸಿದರೆ ಅದು ಐದಾರು ಕಿಲೋಮೀಟರಿನ ಓಡಾಟಕ್ಕೆ ಧಾರಾಳವಾಗಿ ಸಾಕು. ಕೊಳ್ಳುವುದೇ ಆದರೆ ಸಸ್ಪೆನ್ಷನ್, ಹಲವಾರು ಗೇರು, ದಪ್ಪ ಗುಡ್ಡಗಾಡು ಟೈರುಗಳಿಗೆ ಹಣ ಕೊಡಬೇಡಿ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಇರುವ ಸೈಕಲ್ಲೇ ಕೆಲಸಕ್ಕೆ ಹೋಗುವವರ ಸೈಕಲ್. ಸೀಟಿನ ಎತ್ತರಕ್ಕೆ ಸುಲಭದ ಅಳತೆಯಿದೆ: ಸೀಟಿನ ಮೇಲೆ ಕುಳಿತು, ತೀರಾ ಕೆಳಗಿರುವ ಪೆಡಲ್ಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ಪೂರ್ತಿ ನೇರವಾಗಬೇಕು. ತುಳಿಯುವುದು ಮುಂಗಾಲಿನಿಂದ, ಆಗ ಮಂಡಿ ತಾನಾಗಿಯೇ ತುಸು ಬಾಗಿರುತ್ತದೆ. ಸೀಟು ತಗ್ಗಿಸಿಕೊಂಡು ತುಳಿದು ಮಂಡಿನೋವು ಬಂತೆಂದು ಸೈಕಲ್ ಬಿಟ್ಟವರನ್ನು ನಾನು ಕಂಡಿದ್ದೇನೆ.

ವಾರಕ್ಕೊಮ್ಮೆ ಗಾಳಿ ನೋಡಿಕೊಳ್ಳಬೇಕು. ಟೈರಿನ ಪಕ್ಕದಲ್ಲಿ ಎಷ್ಟು ಗಾಳಿ ಬೇಕೆಂದು ಅಚ್ಚಾಗಿರುತ್ತದೆ. 26 ಇಂಚಿನ ಸಾಮಾನ್ಯ ಟೈರುಗಳಿಗೆ ಅದು 40ರಿಂದ 65 ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ. ಪೆಟ್ರೋಲ್ ಬಂಕಿನ ಗಾಳಿಮೆಷಿನ್ನಿನ ಮೂತಿ ಕಾರಿನ ವಾಲ್ವಿಗೆ ಹೊಂದುತ್ತದೆಯೇ ಹೊರತು ಹಳೆಯ ಮಾದರಿಯ ಸೈಕಲ್ ವಾಲ್ವಿಗೆ ಹೊಂದುವುದಿಲ್ಲ, ಹೊಂದುವ ವಾಲ್ವಾದರೂ ಅದರ ರಭಸಕ್ಕೆ ಸಣ್ಣ ಟ್ಯೂಬು ಒಡೆಯಬಹುದು. ಮನೆಯಲ್ಲೊಂದು ಕಾಲಿನಿಂದ ಒತ್ತಿಹಿಡಿದು ಹೊಡೆಯುವ ಪಂಪು ಇಟ್ಟುಕೊಳ್ಳುವುದೇ ಮೇಲು. ಚೈನಿಗೆ ಎಣ್ಣೆ ಬಿಡುವ ಮುನ್ನ ಹಳೆಯ ಬಟ್ಟೆಯಿಂದ ಒರೆಸಿ. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಹತ್ತು ನಿಮಿಷದ ನಂತರ ಮತ್ತೆ ಒರೆಸಿ. ಮೇಲೆ ಉಳಿದ ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು ಚೈನನ್ನೇ ಸವೆಸುತ್ತದೆ. ಚೈನ್ ಸವೆದಿದೆಯೇ ಎಂದು ತಿಳಿಯಲು ಶಾಲೆಯ ಸ್ಕೇಲೇ ಸಾಕು: ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಎಣಿಸಿದ 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು ಇರುತ್ತದೆ. ಅದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಚೈನ್ ಬದಲಿಸಬೇಕು. ಎಂಟನೆಯ ಒಂದು ಭಾಗ ಹೆಚ್ಚಾಗುವವರೆಗೆ ಬಿಟ್ಟರೆ ಫ್ರೀವೀಲೂ ಹೋಗಿರುತ್ತದೆ.

ಪಂಕ್ಚರ್ ಹಾಕುವುದನ್ನು ಕಲಿಯದಿದ್ದರೂ ನಡೆಯುತ್ತದೆ, ಊರಿನಲ್ಲಿ ಅಂಗಡಿಗಳಿವೆ. ಆದರೆ ಹಾಕುವುದನ್ನು ನಿಂತು ನೋಡಿ. ನಾನು ಹೋಗುವ ಅಂಗಡಿಯ ಯಜಮಾನರು ಗಾಳಿ ತುಂಬಿದ ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸುತ್ತ, ಬೆರಳುಗಳ ನಡುವೆ ಜಾರಿಸುತ್ತ ಹೋಗುತ್ತಾರೆ. ಸಾಸಿವೆಯಷ್ಟು ಗಾತ್ರದ ಗುಳ್ಳೆಗಳ ದಾರವೊಂದು ಮೇಲೆದ್ದ ಕಡೆ ಕಡ್ಡಿಯಿಂದ ಗುರುತು ಹಾಕಿ, ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಆರುವವರೆಗೆ ಕೈಕಟ್ಟಿ ಕೂರುತ್ತಾರೆ. ಹಸಿಯಿರುವಾಗಲೇ ಪ್ಯಾಚ್ ಅಂಟಿಸಿದರೆ ಅದು ನಿಲ್ಲುವುದಿಲ್ಲ. ನನ್ನ ಟೈರು ಒಂದೇ ವಾರದಲ್ಲಿ ಮೂರು ಬಾರಿ ಪಂಕ್ಚರ್ ಆದಾಗ ಅವರು ಕೇಳಿದ್ದು ಇಷ್ಟೇ: "ಟೈರ್ ಒಳಗೆ ಬೆರಳಾಡಿಸಿ ನೋಡಿದ್ರಾ ಸಾರ್?" ನಿಧಾನವಾಗಿ ಸವರಿದಾಗ ಮುರಿದುಳಿದಿದ್ದ ಬಳ್ಳಾರಿ ಜಾಲಿಯ ಮುಳ್ಳಿನ ತುದಿ ಹೆಬ್ಬೆರಳಿಗೆ ಚುಚ್ಚಿತು. ಹೊರಗಿನಿಂದ ಅದು ಕಾಣುತ್ತಲೇ ಇರಲಿಲ್ಲ. ಊರಂಚಿನ ಖಾಲಿ ಸೈಟುಗಳ ಪಕ್ಕದಲ್ಲಿ ಈ ಜಾಲಿಮುಳ್ಳೂ ನೆಗ್ಗಿಲು ಮುಳ್ಳೂ ಸಾಮಾನ್ಯ. ಸೈಕಲ್ಲನ್ನು ಮಣ್ಣಿಗೆ ಇಳಿಸಿ ನಿಲ್ಲಿಸಿದ್ದರೆ ಹೊರಡುವ ಮುನ್ನ ಟೈರನ್ನು ಒಂದು ಸುತ್ತು ತಿರುಗಿಸಿ ನೋಡಿ.

ಗಾಳಿ, ಮಳೆ, ಕತ್ತಲು

ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಕ್ಯಾತ್ಸಂದ್ರದ ಕಡೆಯಿಂದ ಪೇಟೆಗೆ ಹೋಗುವವರಿಗೆ ಬೆಳಿಗ್ಗೆ ಅದು ಎದುರುಗಾಳಿ, ಸಂಜೆ ಬೆನ್ನುಗಾಳಿ. ಗುಬ್ಬಿ ಗೇಟಿನ ಕಡೆಯಿಂದ ಬರುವವರಿಗೆ ಇದು ತಿರುಗುಮುರುಗಾಗುತ್ತದೆ. ಆ ಒಂದೂವರೆ ತಿಂಗಳು ಹತ್ತು ನಿಮಿಷ ಮುಂಚೆ ಹೊರಡಿ. ಲಾರಿಯೊಂದು ಪಕ್ಕದಲ್ಲಿ ದಾಟಿದಾಗ ಅದು ಗಾಳಿಯನ್ನು ಕ್ಷಣಕಾಲ ತಡೆದು ಮತ್ತೆ ಬಿಡುವುದರಿಂದ ಸೈಕಲ್ ಹೊಯ್ದಾಡುತ್ತದೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯದೆ, ಮೊಣಕೈ ಸಡಿಲ ಬಿಟ್ಟು, ನೇರ ನೋಡುತ್ತಿದ್ದರೆ ಅದು ತಾನೇ ಸರಿಹೋಗುತ್ತದೆ.

ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಹಸ್ತ–ಚಿತ್ತೆಗಳ ಹೊತ್ತಿಗೆ, ಅದೂ ಹೆಚ್ಚಾಗಿ ಕೆಲಸ ಮುಗಿಸಿ ಮನೆಗೆ ಹೊರಡುವ ಸಂಜೆಗೇ. ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ತಕ್ಷಣ ಹಿಡಿಯುವುದಿಲ್ಲ; ಚಕ್ರ ಕೆಲವು ಸುತ್ತು ತಿರುಗಿ ನೀರು ಒರೆಸಿಹೋದ ಮೇಲಷ್ಟೇ ಹಿಡಿಯುತ್ತದೆ. ಆದ್ದರಿಂದ ನಿಲ್ಲಬೇಕಾದ ಜಾಗಕ್ಕೆ ಬಹಳ ಮುಂಚೆಯೇ ಎರಡೂ ಬ್ರೇಕುಗಳನ್ನು ಹಗುರವಾಗಿ ಒತ್ತುತ್ತ ಬನ್ನಿ. ಬಿಳಿಬಣ್ಣದ ಪಟ್ಟೆ, ಕಬ್ಬಿಣದ ಮುಚ್ಚಳ, ರೈಲ್ವೆ ಹಳಿಗಳ ಮೇಲೆ ಸೈಕಲ್ ವಾಲಿಸಬೇಡಿ. ಹಳಿಯನ್ನು ನೇರವಾಗಿ ಅಡ್ಡಹಾಯಬೇಕು. ನಿಂತ ನೀರಿನೊಳಗೆ ಎಂದೂ ಇಳಿಯಬೇಡಿ, ನಿನ್ನೆ ಇದ್ದ ಚರಂಡಿಯ ಕಲ್ಲು ಇಂದು ಇಲ್ಲದಿರಬಹುದು. ಅರ್ಧ ಗಂಟೆ ಯಾವುದಾದರೂ ಹೋಟೆಲಿನ ಜಗಲಿಯಲ್ಲಿ ನಿಂತರೆ ಚಿತ್ತೆಯ ಮಳೆಯೂ ಬಹುಪಾಲು ಸುರಿದು ಮುಗಿದಿರುತ್ತದೆ.

ಕತ್ತಲಾದ ಮೇಲೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇಲ್ಲದೆ ಹೊರಡಬಾರದು. ರಿಫ್ಲೆಕ್ಟರ್ ಬೇರೆಯವರ ಬೆಳಕು ಬಿದ್ದಾಗ ಮಾತ್ರ ಹೊಳೆಯುತ್ತದೆ, ಅಡ್ಡರಸ್ತೆಯಿಂದ ಬರುವವರ ಬೆಳಕು ಅದರ ಮೇಲೆ ಬೀಳುವುದೇ ಇಲ್ಲ. ಮುಂದಿನ ದೀಪವನ್ನು ಹತ್ತಿಪ್ಪತ್ತು ಅಡಿ ಮುಂದಿನ ನೆಲಕ್ಕೆ ಬಾಗಿಸಿಡಿ. ಎದುರಿನ ಕಾರಿನ ಹೈಬೀಮ್ ಕಣ್ಣಿಗೆ ರಾಚಿದಾಗ ಆ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚಿನ ಗೆರೆಯನ್ನು ನೋಡುತ್ತ ವೇಗ ತಗ್ಗಿಸಿ. ಪೆಡಲ್ಲಿಗೂ ಪ್ಯಾಂಟಿನ ಕೆಳತುದಿಗೂ ಹೊಳೆಯುವ ಪಟ್ಟಿ ಹಾಕಿಕೊಂಡರೆ, ಮೇಲೆ ಕೆಳಗೆ ಚಲಿಸುವ ಆ ಎರಡು ಚುಕ್ಕೆಗಳನ್ನು ಕಂಡ ಚಾಲಕನಿಗೆ ಮುಂದಿರುವುದು ಸೈಕಲ್ಲೆಂದು ದೂರದಿಂದಲೇ ತಿಳಿಯುತ್ತದೆ.

ಕಚೇರಿ ತಲುಪಿದ ಮೇಲೆ

ಬೆವರಿನ ಚಿಂತೆ ಎಲ್ಲರಿಗೂ ಇದೆ. ಬೆನ್ನಿನ ಬ್ಯಾಗನ್ನು ಕ್ಯಾರಿಯರಿಗೆ ವರ್ಗಾಯಿಸಿದರೆ ಅರ್ಧ ಬೆವರು ಅಲ್ಲೇ ಕಡಿಮೆಯಾಗುತ್ತದೆ. ಕೊನೆಯ ಒಂದು ಕಿಲೋಮೀಟರ್ ನಿಧಾನವಾಗಿ ತುಳಿದು, ತಲುಪಿದ ಮೇಲೆ ಹತ್ತು ನಿಮಿಷ ಫ್ಯಾನಿನ ಕೆಳಗೆ ಕುಳಿತು, ಆನಂತರ ಒದ್ದೆ ಟವೆಲಿನಿಂದ ಕತ್ತು, ತೋಳು ಒರೆಸಿಕೊಂಡು ಅಂಗಿ ಬದಲಿಸಿ. ಬಂದ ಕೂಡಲೇ ಬದಲಿಸಿದರೆ ಹೊಸ ಅಂಗಿಯೂ ಬೆವರುತ್ತದೆ. ಸೋಮವಾರ ಒಮ್ಮೆ ಬಸ್ಸಿನಲ್ಲಿ ಹೋಗಿ ವಾರಕ್ಕಾಗುವಷ್ಟು ಇಸ್ತ್ರಿ ಬಟ್ಟೆಗಳನ್ನು ಕಚೇರಿಯ ಬೀರುವಿನಲ್ಲಿ ಇಟ್ಟುಬರುವುದು ನನ್ನ ಪದ್ಧತಿ. ಸೀರೆ ಅಥವಾ ದುಪಟ್ಟಾ ಧರಿಸುವವರು ಚೈನ್ ಕವರಿನ ಜೊತೆಗೆ ಹಿಂದಿನ ಚಕ್ರಕ್ಕೆ ಜಾಲರಿಯನ್ನೂ ಹಾಕಿಸಿಕೊಳ್ಳಬೇಕು.

ನಿಲ್ಲಿಸುವ ಜಾಗದ ವಿಷಯದಲ್ಲಿ ಸಂಕೋಚ ಬೇಡ. ಕಾರಿಗೂ ಬೈಕಿಗೂ ಗೆರೆ ಎಳೆದಿರುವ ಕಚೇರಿಗಳಲ್ಲಿ ಸೈಕಲ್ಲಿಗೆ ಜಾಗವಿಲ್ಲದಿರುವುದು ಮಾಮೂಲು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಕಾವಲುಗಾರರು ನನ್ನ ಸೈಕಲ್ಲನ್ನು ಆರು ತಿಂಗಳು ಕಾಂಪೌಂಡಿನ ಹೊರಗೆ ನಿಲ್ಲಿಸಿದ್ದರು. ಕೊನೆಗೆ ನಾವು ನಾಲ್ವರು ಸಹಿ ಹಾಕಿ ಒಂದು ಪತ್ರ ಕೊಟ್ಟೆವು. ಅದರಲ್ಲಿ ದೂರು ಬರೆಯದೆ, ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲಿಸಬಹುದೆಂದು ಅಳತೆಯ ಸಮೇತ ಬರೆದಿದ್ದೆವು. ಮೆಟ್ಟಿಲಿನ ಕೆಳಗೆ ಜಾಗ ಸಿಕ್ಕಿತು. ಬೀಗ ಹಾಕುವಾಗ ಚಕ್ರಕ್ಕೆ ಮಾತ್ರ ಹಾಕಿದರೆ ಸೈಕಲ್ಲನ್ನು ಎತ್ತಿಕೊಂಡು ಹೋಗಬಹುದು. ಸರಪಳಿಯನ್ನು ಫ್ರೇಮು ಮತ್ತು ಹಿಂದಿನ ಚಕ್ರದ ಮೂಲಕ ತೂರಿಸಿ ಕಂಬಿಗೋ ಕಂಬಕ್ಕೋ ಸುತ್ತಿ ಬೀಗ ಹಾಕಿ. ಫ್ರೇಮಿನ ಕೆಳಭಾಗದಲ್ಲಿ, ಪೆಡಲ್ ಅಚ್ಚಿನ ಹತ್ತಿರ, ಸಂಖ್ಯೆಯೊಂದನ್ನು ಕೊರೆದಿರುತ್ತಾರೆ. ಅದನ್ನು ಇಂದೇ ಬರೆದಿಟ್ಟುಕೊಳ್ಳಿ, ಸೈಕಲ್ಲಿನ ಒಂದು ಫೋಟೋವನ್ನೂ ಅದರ ರಸೀದಿಯನ್ನೂ ಜೊತೆಗಿಡಿ. ಕಳುವಾದ ದಿನ ಠಾಣೆಯಲ್ಲಿ ಇದು ನನ್ನದೇ ಎಂದು ಹೇಳಲು ಬೇಕಾಗುವುದು ಆ ಮೂರೇ.